ಗದಗಿನ ನೆರಳೂರಿನಲ್ಲಿ ನನ್ನ ಮನೆಯವರು

ಗದಗ, ೨೨೭೧ನೆಯ ಇಸವಿ, ಫೆಬ್ರವರಿ ೩೦

ಹಿಂದಿನ ಕಾಲದ ಹಿರಿಯರಿಗೆ ನಮಸ್ಕಾರ.

ತಾರೀಖು ತಪ್ಪಾಗಿ ಬಿದ್ದಿಲ್ಲ. ನಮ್ಮಲ್ಲೀಗ ಎಲ್ಲ ತಿಂಗಳಿಗೂ ಮೂವತ್ತು ದಿನ; ಮಿಕ್ಕ ದಿನಗಳನ್ನು ವರ್ಷದ ಕೊನೆಗೆ ಸೇರಿಸಿ ರಜೆ ಕೊಡುತ್ತಾರೆ. ನನ್ನ ಕೆಲವು ಮಾತು ನಿಮಗೆ ವಿಚಿತ್ರವೆನಿಸಬಹುದು. ನಾನು ಏಳನೆಯ ಇಯತ್ತೆಯವರೆಗೆ ಓದಿದವಳು. ದಿನಚರಿ ಬರೆದು ಬರೆದು ಕೈ ಪಳಗಿದೆ, ಅಷ್ಟೇ. ಮನ್ನಿಸಿ.

ನಮ್ಮ ಊರಿಗೆ ಒಂದು ನೆರಳೂರು ಇದೆ. ಸಮಾಜವನ್ನು ಅಭ್ಯಾಸ ಮಾಡುವ ಪಂಡಿತರು ಯಂತ್ರದೊಳಗೆ ಕಟ್ಟಿಕೊಂಡ ಊರು ಅದು. ಪ್ರತಿ ಮನೆಯ ಗೋಡೆಗೂ ಒಂದು ಕೇಳುಪೆಟ್ಟಿಗೆ ಹಾಕಿದ್ದಾರೆ. ವರ್ಷಕ್ಕೊಮ್ಮೆ ಅದು ಪ್ರಶ್ನೆ ಕೇಳುತ್ತದೆ, ನಾವು ಉತ್ತರ ಹೇಳುತ್ತೇವೆ. ಆ ಉತ್ತರಗಳನ್ನೆಲ್ಲ ಕೂಡಿಸಿ ಒಬ್ಬೊಬ್ಬರಿಗೂ ಒಂದು ನೆರಳು ಮಾಡುತ್ತಾರೆ. ಆಮೇಲೆ ಯಾರು ಯಾರ ಮನೆಗೆ ಹೆಣ್ಣು ಕೊಡುತ್ತಾರೆ, ಬಿಸಿಲೇರಿದಾಗ ಯಾವ ಓಣಿಯಲ್ಲಿ ಜಗಳ ಹೆಚ್ಚು, ಜನ ದೇವರಿಗೆ ಯಾಕೆ ಹರಕೆ ಹೊರುತ್ತಾರೆ, ಎಲ್ಲವನ್ನೂ ಪಂಡಿತರು ನೆರಳುಗಳನ್ನೇ ಕೇಳಿ ತಿಳಿಯುತ್ತಾರೆ. ಮನೆ ಬಾಗಿಲಿಗೆ ಬಂದು ಕೇಳುವ ರೂಢಿ ಯಾವಾಗಲೋ ಹೋಯಿತು.

ನನ್ನ ಮನೆಯವರು ಮಡಿವಾಳೆಪ್ಪ ಹೋದ ಮಳೆಗಾಲದಲ್ಲಿ ತೀರಿಕೊಂಡರು. ಕಪ್ಪತಗುಡ್ಡದ ಗಾಳಿಯಂತ್ರಗಳಿಗೆ ಎಣ್ಣೆ ಹಾಕುವ ಕೆಲಸ ಅವರದು. ಮಧ್ಯಾಹ್ನದ ಬಿಸಿಲಿಗೆ ಊರೆಲ್ಲ ನೆಲದಡಿಯ ಕೋಣೆಗಳಲ್ಲಿ ಮಲಗಿದರೆ, ಇವರೊಬ್ಬರು ಮೇಲೆ ಕಟ್ಟೆಯ ಮೇಲೆ ಕೂತು ಯಾರಾದರೂ ಬಂದಾರೇ ಎಂದು ದಾರಿ ನೋಡುವರು.

ಸತ್ತವರ ನೆರಳನ್ನು ಇಳಿಸಬೇಕಾದರೆ, ಅಂದರೆ ನೆರಳೂರಿನಿಂದ ಅಳಿಸಬೇಕಾದರೆ, ಮನೆಯವರು ಪೆಟ್ಟಿಗೆಯ ಮೇಲೆ ಕೈಯಿಟ್ಟು ಒಪ್ಪಬೇಕು. ದಿನಕರ್ಮದ ಹೊತ್ತಿಗೇ ಮಾಡುವ ಪದ್ಧತಿ. ನಾನು ಮಾಡಿರಲಿಲ್ಲ. ಎಲ್ಲೋ ಅವರನ್ನು ಯಾರೋ ಮಾತಾಡಿಸುತ್ತಿದ್ದಾರಲ್ಲ ಎಂಬ ಸಮಾಧಾನ ನನಗೆ.

ಮೊನ್ನೆ ರುದ್ರಾಣಿ ಎಂಬ ಹುಡುಗಿ ತಾನಾಗಿಯೇ ಮನೆಗೆ ಬಂದಳು. ಪಂಡಿತರ ಕೈಕೆಳಗೆ ಶಾಸ್ತ್ರ ಕಲಿಯುವವಳು.

"ಅಮ್ಮಾರ, ನಿಮ್ಮ ಯಜಮಾನ್ರ ನೆರಳು ಇಟ್ಕೊಳ್ಳೂಣೋ, ಇಳಿಸೂಣೋ? ನೀವು ಹೇಳಿದಂಗ."

"ಇರ್ಲಿ ಬಿಡವಾ. ಅದಕ್ಕೇನ್ ರೊಟ್ಟಿ ಬಡೀಬೇಕೇನು?" ಅಂದೆ.

ಆಕೆ ನಕ್ಕಳು. "ಹಂಗಾರ ಒಮ್ಮೆ ಮಾತಾಡ್ಸ್ರಿ. ಮನಿಯವ್ರಿಗೆ ಆ ಹಕ್ಕೈತಿ."

ಪೆಟ್ಟಿಗೆಯ ಮುಂದೆ ಕೂತೆ. ಬೇರೇನೂ ತೋಚದೆ, "ಊಟ ಆತೇನ್ರಿ?" ಅಂದೆ.

"ನಾನು ದಿನಕ್ಕೆ ಎರಡು ಹೊತ್ತು ಊಟ ಮಾಡುತ್ತೇನೆ. ಹೆಚ್ಚಾಗಿ ಜೋಳದ ರೊಟ್ಟಿ."

ಅವರದೇ ದನಿ. ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ. ಆದರೆ ಅದು ಗೋಡೆಗೆ ಹೇಳಿದ ಮಾತು. ನನಗಾದರೆ, "ಯಾಕ, ನಿಂದಾಗಿಲ್ಲೇನು? ಬಾ, ಕೂಡು" ಅನ್ನುತ್ತಿದ್ದರು.

ರುದ್ರಾಣಿ ತಲೆ ತಗ್ಗಿಸಿದಳು. "ಅವ್ರು ಏನಂದ್ರು ಅನ್ನೂದು ಬರ್ಕೊಂಡೀವಿ, ಅಮ್ಮಾರ. ಯಾರಿಗೆ ಅಂದ್ರು ಅನ್ನೂದು ಬಿಟ್ಟೀವಿ."

ನಾನು ಪೆಟ್ಟಿಗೆಯ ಮೇಲೆ ಕೈಯಿಟ್ಟು ಒಪ್ಪಿದೆ. ಆ ದನಿ ಇನ್ನು ಎಲ್ಲಿಯೂ ಇಲ್ಲ. ಅಳು ಬಂತು, ಅತ್ತೆ. ಆಕೆ ಹೋಗದೆ ಕೂತಿದ್ದಳು. ಕತ್ತಲಾಗುವತನಕ ಅವರ ಸುದ್ದಿ ಕೇಳಿದಳು, ನಾನು ಹೇಳಿದೆ. ನಡುವೆ, "ನಿನ್ನ ಲಗ್ನ ಯಾವಾಗವಾ?" ಎಂದು ನಾನು ಕೇಳಿದ್ದನ್ನೂ ನಾಚಿಕೊಂಡೇ ಬರೆದುಕೊಂಡಳು.

ಈ ಕೇಳುವ ಶಾಸ್ತ್ರದ ಮೊದಲ ಪಾಠಗಳನ್ನು ನಿಮ್ಮ ಕಾಲದವರೇ ಬರೆದರಂತೆ. ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ನೀವಿನ್ನೂ ಜನರ ಮನೆಗೆ ಹೋಗುತ್ತೀರಿ, ಚಾ ಕುಡಿಯುತ್ತೀರಿ. ಅವರು ಹೇಳಿದ್ದರ ಜೊತೆಗೆ ನಿಮ್ಮನ್ನು ಏನು ಕೇಳಿದರು ಎಂಬುದನ್ನೂ ಬರೆದಿಡಿ. ಪಕ್ಕದಲ್ಲಿ ಯಾರು ಕೂತಿದ್ದರು, ಯಾರ ಮುಖ ನೋಡಿ ಮಾತಾಡಿದರು, ಅದನ್ನೂ. ಇಷ್ಟೇ ನನ್ನ ಕೋರಿಕೆ.

ನಿಮ್ಮಿಂದ ಉತ್ತರ ಬರಲಾರದು, ಗೊತ್ತು. ಆದರೂ ಕೇಳುತ್ತೇನೆ: ಮನೆಯಲ್ಲಿ ಎಲ್ಲರೂ ಸೌಖ್ಯವೇ?

ಇಂತಿ,
ಗೌರವ್ವ ಮಡಿವಾಳೆಪ್ಪ