ಅಪ್ಪನ ಕೈಗೆ ತಕ್ಕ ಹಿಡಿ

ದೊಡ್ಡಬಳ್ಳಾಪುರ
ಬುಧವಾರ, ೧೨ ಫೆಬ್ರವರಿ ೨೦೨೫

ಪ್ರೀತಿಯ ಅಮ್ಮಾ,

ಸೊಂಟನೋವು ಹೇಗಿದೆ? ಬಾಣಂತಿಗೂ ಮಗುವಿಗೂ ನೀರೆರೆಯುವ ಭರದಲ್ಲಿ ಬಿಸಿನೀರಿನ ಕೊಡ ನೀನೇ ಎತ್ತಬೇಡ, ಭಾವನನ್ನು ಕರಿ. ಅರ್ಪಿತಕ್ಕ ಹೊಟ್ಟೆ ತುಂಬ ಊಟ ಮಾಡುತ್ತಿದ್ದಾಳಾ? ಫೋನ್ ಮಾಡಿದಾಗಲೆಲ್ಲ ಅಪ್ಪ ಪಕ್ಕದಲ್ಲೇ ಕೂತಿರುತ್ತಾರೆ, ಅವರೆದುರು ಆಡಲಾಗದ ಮಾತಿದೆ. ಅದಕ್ಕೇ ಈ ಕಾಗದ. ನಮ್ಮ ಆಫೀಸಿನ ಬೈರೇಶ್ ಅಕ್ಕನ ಊರು ನಂದಗುಡಿಯವನೇ, ಅವನ ಕೈಯಲ್ಲಿ ಕಳಿಸುತ್ತಿದ್ದೇನೆ.

ನಾಮಕರಣಕ್ಕೆ ಬರುವುದಿಲ್ಲ ಎಂದು ಅಪ್ಪ ಹಠ ಹಿಡಿದದ್ದು ಬಸ್ಸಿನ ಪ್ರಯಾಣಕ್ಕೆ ಹೆದರಿ ಅಲ್ಲ. ನೀನು ಹೋದ ಮೇಲೆ ಒಂದು ಮಧ್ಯಾಹ್ನ ನಾನು ತುತ್ತು ಕೊಡುತ್ತಿದ್ದಾಗ ಮುಖ ತಿರುಗಿಸಿ, "ಬೀಗರ ಮುಂದೆ ಹಿಂಗೆ ಬಾಯಿ ತೆಕ್ಕೊಂಡು ಕೂತ್ಕೊಳ್ಲಾ? ನಾನು ಬರಲ್ಲ ಬಿಡಮ್ಮ" ಅಂದುಬಿಟ್ಟರು. ಸ್ಟ್ರೋಕ್ ಆದಾಗಿನಿಂದ ಬಲಗೈ ಬೆರಳು ಮಡಚಿಕೊಂಡೇ ಇವೆ. ತೋಳು ಮೇಲೇಳುತ್ತದೆ, ಚಮಚ ನಿಲ್ಲುವುದಿಲ್ಲ. ಎಡಗೈಯಲ್ಲಿ ತಿನ್ನಿ ಎಂದರೆ ಎಷ್ಟು ಸಿಟ್ಟು ಬರುತ್ತದೆಂದು ನಿನಗೇ ಗೊತ್ತು.

ಚಮಚಕ್ಕೊಂದು ದಪ್ಪ ಹಿಡಿ ಮಾಡೋಣ ಅನಿಸಿತು. ಆಫೀಸಿನಲ್ಲಿ ನನ್ನ ಕೆಲಸವೂ ಇಂಥದ್ದೇ ಅಲ್ಲವೇ: ಕಂಪ್ಯೂಟರಿನಲ್ಲಿ ಗೆರೆ ಎಳೆದು, ಅಳತೆ ಕೊಟ್ಟು, ದಪ್ಪ ಕೊಟ್ಟರೆ ವಸ್ತುವಿನ ಮಾದರಿ ತಯಾರು. ಅಪ್ಪನ ಬಲಗೈ ಬಿಚ್ಚುವುದಿಲ್ಲವೆಂದು ಎಡಗೈ ಅಳತೆ ತೆಗೆದೆ. ಪ್ಲಾಸ್ಟಿಕ್ಕಿನಲ್ಲಿ ವಸ್ತುವನ್ನೇ ಅಚ್ಚು ಹಾಕುವ ಆಫೀಸಿನ ಪ್ರಿಂಟರಿನಿಂದ ಬಂದ ಹಿಡಿ ಮಡಚಿದ ಬಲಗೈಗೆ ಬಿಗಿಯಾಯಿತು, ಅಪ್ಪ ನೋವಿನಿಂದ ಕೈ ಎಳೆದುಕೊಂಡರು. ಎರಡು ಕೈ ಈಗ ಒಂದೇ ಥರ ಇಲ್ಲ ಎಂಬುದು ನನಗೆ ಹೊಳೆದಿರಲೇ ಇಲ್ಲ, ಅಮ್ಮಾ.

ಒಂದು ಅಳತೆ ಬದಲಿಸಿದರೆ ಉಳಿದದ್ದೆಲ್ಲ ತಾನೇ ಹೊಂದಿಕೊಳ್ಳಬೇಕು, ಈ ಸಾಫ್ಟ್‌ವೇರಿನ ಸುಖವೇ ಅದು. ಆದರೆ ಅಗಲ ಹೆಚ್ಚಿಸಿದ್ದೇ ತಡ, ಬೆರಳು ಕೂರುವ ಕಮಾನು ಹೊರಗೆ ಮಗುಚಿಕೊಂಡಿತು. ಒಂದು ಮೂಲೆ ಬಾಯಿ ಬಿಟ್ಟಿತು, ಗೆರೆ ಕೂಡಿಲ್ಲ ಎಂದು ಸಾಫ್ಟ್‌ವೇರು ದಪ್ಪ ಕೊಡಲು ಬಿಡಲಿಲ್ಲ. ಗಾಬರಿಯಲ್ಲಿ ಇನ್ನಷ್ಟು ಅಳತೆ ತುರುಕಿದೆ. ಒಂದಕ್ಕೊಂದು ಜಗಳಕ್ಕೆ ಬಿದ್ದು, ತಪ್ಪಿದೆ ಎಂದು ತೋರಿಸಲು ಚಿತ್ರವೆಲ್ಲ ಕೆಂಪಾಯಿತು. ಬೈರೇಶ್ ಬಗ್ಗಿ ನೋಡಿ, "ಹೊಸದಾಗಿ ಎಳ್ಕೊಂಡ್ಬಿಡಿ ಕಣ್ರೀ, ಬೇಗ ಆಗತ್ತೆ" ಅಂದ. ಹೊಸದನ್ನೂ ಇದೇ ಥರ ಕೆಡಿಸಿದರೆ? ತುರುಕಿದ್ದನ್ನೆಲ್ಲ ತೆಗೆದುಹಾಕಿ, ಒಂದೊಂದೇ ಗೆರೆ ಹಿಡಿದು ಎಳೆದು ನೋಡಿದೆ. ಅಳತೆಯ ಕಟ್ಟು ಇಲ್ಲದ ಗೆರೆ ಜಾರುತ್ತಿತ್ತು. ಆ ಮೂಲೆಯನ್ನು ದೊಡ್ಡದು ಮಾಡಿ ನೋಡಿದರೆ, ಎರಡು ಗೆರೆಯ ತುದಿ ಹತ್ತಿರ ಬಂದು ನಿಂತಿದ್ದವೇ ಹೊರತು ಸೇರಿರಲಿಲ್ಲ. ಮೂಲೆ ಕೂಡಿಸಿ, ಕಮಾನಿನ ನಡುವನ್ನು ಕಟ್ಟಿಹಾಕಿದ ಮೇಲೆ ಯಾವ ಅಗಲ ಕೊಟ್ಟರೂ ಆಕಾರ ಕೆಡಲಿಲ್ಲ.

ನಿನ್ನೆ ಬಲಗೈಗೇ ಅಳೆದು ಮಾಡಿದ ಹೊಸ ಹಿಡಿಯ ಚಮಚ ಅಪ್ಪನ ಕೈಗೆ ಕೊಟ್ಟು, ಅನ್ನ ಸಾರು ಮೆತ್ತಗೆ ಕಲಸಿ ಮುಂದಿಟ್ಟೆ. ಮೊದಲ ಚಮಚ ಅರ್ಧ ಪಂಚೆಯ ಮೇಲೆ ಚೆಲ್ಲಿತು. ನಾನು ಕೈ ಚಾಚಿದೆ. "ತೆಗಿ ಕೈನ, ನಾನ್ ನೋಡ್ಕೊತೀನಿ" ಅಂದರು. ಅಡುಗೆಮನೆಗೆ ಹೋಗಿಬಿಟ್ಟೆ. ಸ್ವಲ್ಪ ಹೊತ್ತಿಗೆ ಕೂಗು ಬಂತು: "ಇನ್ನೊಂದಿಷ್ಟು ಅನ್ನ ಸಾರು ಹಾಕಮ್ಮ." ತಟ್ಟೆ ಖಾಲಿಯಾಗಿತ್ತು.

ಅಕ್ಕನನ್ನು ಕೇಳಿದೆನೆಂದು ಹೇಳು. ಮಗುವಿನ ಅಂಗಾಲಿಗೆ ನನ್ನದೊಂದು ಮುತ್ತು ಕೊಡು.

ನಿನ್ನ ಮಗಳು,
ಪ್ರಮೋದಾ

ತಾ.ಕ.: ಬೈರೇಶ್ ಆಗಲೇ ಬೈಕ್ ಸ್ಟಾರ್ಟ್ ಮಾಡಿದ. ಭಾನುವಾರ ಅಪ್ಪ ನಾಮಕರಣಕ್ಕೆ ಬರುತ್ತಾರೆ, ಪಂಕ್ತಿಯಲ್ಲಿ ಎಲ್ಲರ ಜೊತೆ ಕೂರುತ್ತಾರಂತೆ. ಚೆಲ್ಲಿದರೂ ಟವೆಲ್ ಹಿಡಿದು ಓಡಿ ಬರಬೇಡ. ಇಷ್ಟು ತಿಂಗಳು ತುತ್ತಿಟ್ಟ ಕೈ, ಸುಮ್ಮನಿರುವುದು ನಿನಗೆ ಕಷ್ಟ ಎಂದು ಗೊತ್ತು. ಅಂದು ಎದುರಿಗೆ ಕೂತು ನಿನ್ನ ಪಾಡಿಗೆ ನೀನು ಉಣ್ಣಮ್ಮಾ.