ಅಡುಗೆಮನೆ ಕಡೆಗೆ ವಾಲಿದ ಗಡಿಯಾರ

ಮಾರ್ಚ್ 4, ಬೆಳಿಗ್ಗೆ

ಇದುವರೆಗಿನ ಖರ್ಚು. ಅಕ್ಕನ ಮನೆ ಪಾಲಿನ ಮಾತುಕತೆಗೆ ಮೂರು ಭಾನುವಾರ. ಅಂಗಡಿ ಬಾಗಿಲು ಹಾಕಿದ್ದರಿಂದ ಕೈತಪ್ಪಿದ ಗಿರಾಕಿ ಒಬ್ಬ. ಶೆಲ್ಫಿನ ಮೇಲಿಡುವ ಕಂಚಿನ ಗಡಿಯಾರ ಕೇಳಿಹೋಗಿದ್ದವನು, ಎದುರು ಬೀದಿಯವನ ಹತ್ತಿರ ಕೊಂಡನಂತೆ. ಬಸ್ಸಿನ ದುಡ್ಡು. ತಲೆನೋವಿನ ಮಾತ್ರೆ. ಒಂದು ಶರ್ಟು, ಅಕ್ಕನ ಮನೆ ಕುರ್ಚಿಯ ಮೊಳೆಗೆ ಸಿಕ್ಕಿ ಕಾಲರ್ ಹರಿದದ್ದು. ಜಮೆ ಕಡೆ ಏನೂ ಇಲ್ಲ.

ಎಂದಿನಂತೆ ಅಂಗಡಿಯ ಗಡಿಯಾರಗಳಿಗೆಲ್ಲ ಕೀ ಕೊಡುತ್ತ ಬಂದೆ, ಬಾಗಿಲಿನಿಂದ ಒಳಗೋಡೆಯವರೆಗೆ. ಎಲ್ಲವೂ ಒಂದೇ ಹೊತ್ತು ತೋರಿಸಬೇಕೆಂಬ ಹಟ ಬಿಟ್ಟು ಬಹಳ ಕಾಲವಾಯಿತು. ಮಹಡಿಯಿಂದ ಹೆಂಡತಿ ಕೂಗಿದಳು: “ರೀ, ನಿಮ್ಮ ಅಂಗಡೀಲಿ ಹನ್ನೆರಡು ಹೊಡೆದು ಮುಗಿಯೋ ಹೊತ್ತಿಗೆ ಒಂದಾಗಿರುತ್ತೆ. ಇವತ್ತು ಊಟಕ್ಕೆ ಯಾವುದರ ಲೆಕ್ಕದಲ್ಲಿ ಬರ್ತೀರಿ?”

ಹೊಟ್ಟೆ ಲೆಕ್ಕದಲ್ಲಿ ಎಂದೆ.

ಮಾರ್ಚ್ 4, ಸಂಜೆ

ನಾಲ್ಕನೆಯ ಭಾನುವಾರವೂ ಹೋಯಿತು. ಆದರೆ ಇವತ್ತು ಮಾತು ಒಂದು ಕಡೆ ಬಂದು ನಿಂತಿತು.

ಭಾವ ಹೋಗಿ ವರ್ಷವಾಯಿತು. ಮಕ್ಕಳಿಲ್ಲ. ಅಕ್ಕ ಹಿಂದಿನ ಎರಡು ಕೋಣೆಯಲ್ಲಿ ಹೊಲಿಗೆ ಮಷಿನ್ ಇಟ್ಟುಕೊಂಡಿದ್ದಾಳೆ. ಬೀದಿಯವರೇ ಗಿರಾಕಿಗಳು. ಅವಳ ಊಟ, ಬಟ್ಟೆ, ಮರ್ಯಾದೆ ಎಲ್ಲವೂ ಆ ಎರಡು ಕೋಣೆಯಲ್ಲೇ. ಮನೆಯ ಮುಂಭಾಗ ಭಾವನ ಅಣ್ಣನಿಗೆ, ಮಹಡಿ ಭಾವನ ತಮ್ಮನಿಗೆ. ಇದರಲ್ಲಿ ತಕರಾರಿಲ್ಲ. ಉಳಿದದ್ದು ಹಿಂದಿನ ಕೋಣೆಗಳು ಮತ್ತು ಅವುಗಳ ಗೋಡೆಗೆ ತೂಗುತ್ತಿರುವ ಅಜ್ಜನ ಕಾಲದ ಗಡಿಯಾರ. ಅಕ್ಕನಿಗೆ ಎರಡರಲ್ಲಿ ಒಂದು.

ಭಾವನ ಅಣ್ಣನಿಗೆ ನಾನಿಟ್ಟ ಹೆಸರು ರಸಮಟ್ಟ, ಗೋಡೆ ನೇರವಿದೆಯೇ ಎಂದು ಮೇಸ್ತ್ರಿಗಳು ಹಿಡಿದು ನೋಡುವ ಸಾಧನದ್ದು. ಕಟ್ಟಡ ಕಂಟ್ರಾಕ್ಟರ್ ಆಗಿದ್ದವರು; ಯಾರ ಮನೆಗೆ ಹೋದರೂ ಗೋಡೆಯ ಪಟ ನೇರ ಮಾಡದೆ ಕೂರುವುದಿಲ್ಲ. ತಮ್ಮ ಹೂಂಗುಟ್ಟಪ್ಪ. ಅಣ್ಣ ಹೇಳಿದ್ದಕ್ಕೆಲ್ಲ ಹೂಂ.

“ಗಡಿಯಾರ ನಿಮ್ಮಕ್ಕನಿಗಿರಲಿ,” ಎಂದರು ರಸಮಟ್ಟ. “ಆಸೆಪಟ್ಟು ಇಟ್ಕೊಂಡಿದ್ದಾಳೆ. ಅಜ್ಜ ಬ್ಯಾಂಕಿನ ಹರಾಜಲ್ಲಿ ತಂದದ್ದು, ಕೋಣೆಗೆ ಸಮ ಬೆಲೆ ಬಾಳುತ್ತೆ. ನಿಮ್ಮ ಅಂಗಡೀಲೇ ಮಾರಿಕೊಡಿ. ಮನೆಯವರೇ ಇದ್ದೀರಲ್ಲ!”

“ಹೂಂ,” ಎಂದ ತಮ್ಮ.

“ಬೆಲೆ ನೀವೇ ಕಟ್ಟಿ. ನಿಮ್ಮಷ್ಟು ತಿಳಿದೋರು ಇನ್ಯಾರು?”

ಅಕ್ಕ ಗುಂಡಿ ಹೊಲಿಯುತ್ತಿದ್ದಳು. ನಾನು ಹೊರಟಾಗ ಬಾಗಿಲವರೆಗೆ ಬಂದು ಹೇಳಿದಳು: “ಮಷಿನ್ನನ್ನ ಗಡಿಯಾರದೊಳಗೆ ಇಟ್ಕೊಂಡು ಹೊಲಿಯೋಕಾಗುತ್ತೇನೋ?”

ಮಾರ್ಚ್ 7

ತಲೆ ತಿನ್ನುತ್ತಿದೆ. ಆ ಗಡಿಯಾರವನ್ನು ಎಷ್ಟೋ ವರ್ಷದಿಂದ ಬಲ್ಲೆ, ಒಳಗೆ ನೋಡಿಲ್ಲ. ಭಾವ ಯಾರಿಗೂ ಮುಟ್ಟಲು ಬಿಡುತ್ತಿರಲಿಲ್ಲ, ಅವರ ಅಣ್ಣನಿಗೂ. ಗೋಡೆಯಲ್ಲಿ ಕಣ್ಣಿಗೆ ಹೊಡೆಯುವಷ್ಟು ವಾಲಿಕೊಂಡು ನಿಂತಿದೆ. ಅದನ್ನು ನೇರ ಮಾಡಲಾಗದೆ ರಸಮಟ್ಟ ಎಷ್ಟು ಸಲ ಚಡಪಡಿಸಿದ್ದಾರೋ. ನನ್ನ ಅನುಮಾನ ಅದರ ಸದ್ದಿನ ಮೇಲೆ. ಗಂಟೆ ಹೊಡೆದಾಗ ದನಿ ಆ ಮೈಗೆ ಹೊಂದುವುದಿಲ್ಲ. ದೊಡ್ಡ ಎದೆ, ಸಣ್ಣ ಗಂಟಲು.

ಹೊಗಳಿ ಬೆಲೆ ಕಟ್ಟಿದರೆ “ಹೊತ್ತುಕೊಂಡು ಹೋಗಿ” ಅನ್ನುತ್ತಾರೆ. ಇದ್ದದ್ದು ಹೇಳಿದರೆ “ಆಯ್ತು, ಮೇಲೆ ಸ್ವಲ್ಪ ದುಡ್ಡು ಸೇರಿಸ್ತೀವಿ, ಕೋಣೆ ಬಿಡಿ” ಅನ್ನುತ್ತಾರೆ. ಹೇಗೆ ಕೂಡಿಸಿದರೂ ಅಕ್ಕ ಬೀದಿಗೆ. ನಮ್ಮ ಮಹಡಿಗೆ ಕರೆತರೋಣವೆಂದರೆ ಬಟ್ಟೆ ಒಣಗಿಸುವುದಕ್ಕೂ ಜಾಗವಿಲ್ಲ, ಎಲ್ಲೆಲ್ಲೂ ಲೋಲಕಗಳು. ಮತ್ತು ಅಕ್ಕ ಬರುವವಳಲ್ಲ.

ಮಾರ್ಚ್ 11, ಸಂಜೆ

ಮುಗಿಯಿತು. ಹೇಗೆ ಮುಗಿಯಿತೆಂದು ನನಗೇ ಸರಿಯಾಗಿ ಗೊತ್ತಿಲ್ಲ.

ಗಡಿಯಾರ ಇಳಿಸಿ ಅಕ್ಕನ ಕತ್ತರಿಸುವ ಮೇಜಿನ ಮೇಲೆ ಮಲಗಿಸಿದೆ. ಪೆಟ್ಟಿಗೆ ವಾಲ್ನಟ್ ಮರ, ಹಳೆಯದು, ಬಹಳ ಒಳ್ಳೆಯದು. ಪಿಂಗಾಣಿ ಡಯಲ್ಲು, ಕೂದಲೆಳೆಯಂಥ ಬಿರುಕು ಒಂದು. ಯಂತ್ರ ಬಿಚ್ಚಿದೆ. ಹಿಂಬದಿಯ ಹಲಗೆಯಲ್ಲಿ, ಈಗಿನ ಸ್ಕ್ರೂಗಳ ಪಕ್ಕದಲ್ಲೇ ಹಳೆಯ ತೂತುಗಳು. ಮೇಣ ತುಂಬಿ ಮುಚ್ಚಿದ್ದಾರೆ. ಅಂದರೆ ಮೊದಲು ಇದರಲ್ಲಿ ಬೇರೆ ಯಂತ್ರವಿತ್ತು. ಕಸುಬಿನವರು ಇದಕ್ಕೆ ಕೂಡಿಕೆ ಎನ್ನುತ್ತೇವೆ. ಒಂದರ ಮೈ, ಇನ್ನೊಂದರ ಕರುಳು. ಅಸಲಿಯಾಗಿದ್ದರೆ ಕೋಣೆಗಳಿಗೆ ಸಮ. ಕೂಡಿಕೆಯಾದರೆ ಒಂದು ಫ್ರಿಜ್ಜಿಗೆ ಸಮ, ಅದೂ ಚೌಕಾಸಿ ಮಾಡದ ಗಿರಾಕಿ ಸಿಕ್ಕರೆ.

ನಿಟ್ಟುಸಿರು ಬಿಟ್ಟೆ. ಬೆರಳಿನಿಂದ ಪೆಟ್ಟಿಗೆ ತಟ್ಟಿದೆ. ತಲೆಯಾಡಿಸಿದೆ.

“ಇಲ್ಲಿ ನೋಡಿ. ಈ ತೂತುಗಳು. ಯಂತ್ರ ಆಮೇಲೆ ಕೂಡಿಸಿದ್ದು. ಒಂದು ಫ್ರಿಜ್ಜಿನ ಬೆಲೆ. ಅದಕ್ಕಿಂತ ಹೆಚ್ಚು ನಾನು ಬರೆದುಕೊಡೋಕಾಗಲ್ಲ.”

ಟಾರ್ಚು ಬಿಟ್ಟು ತೂತು ತೋರಿಸಿದೆ. ಅಣ್ಣತಮ್ಮಂದಿರಿಬ್ಬರೂ ನನ್ನ ಮುಖ ನೋಡಿದರು.

“ಫ್ರಿಜ್ಜು?” ಎಂದರು ರಸಮಟ್ಟ.

“ಫ್ರಿಜ್ಜು.”

“ಇದಕ್ಕೆ ನಮ್ಮಜ್ಜನಿಗೆ ಕಾರು ಕೊಡ್ತೀನಿ ಅಂತ ಬಂದಿದ್ರು. ಡ್ರೈವರ್ ಸಮೇತ.”

“ಡ್ರೈವರಿಗೆ ಊಟ ಹಾಕೋರ್ಯಾರು ಅಂತ ಬೇಡ ಅಂದಿರ್ಬೇಕು,” ಎಂದೆ.

ರಸಮಟ್ಟ ಕುರ್ಚಿ ಹತ್ತಿರ ಎಳೆದುಕೊಂಡರು. “ನಿಮ್ಮ ಅಂಗಡೀಲಿ ನಾನು ಎಷ್ಟು ಸಲ ಕೂತಿಲ್ಲ? ಮಾರೋಕೆ ಬಂದೋರಿಗೆಲ್ಲ ನೀವು ಹೀಗೇ ಉಸಿರು ಬಿಡ್ತೀರಿ. ಇಲ್ಲಿ ಬಿರುಕು, ಅಲ್ಲಿ ತೂತು, ಅಯ್ಯೋ ಇದನ್ನ ಯಾರು ಕೊಳ್ತಾರೆ... ಮಾರನೇ ದಿನ ಅದೇ ಗಡಿಯಾರ ನಿಮ್ಮ ಕಿಟಕೀಲಿ ಮದುಮಗನ ಹಾಗೆ ಕೂತಿರುತ್ತೆ.”

“ಅದು ವ್ಯಾಪಾರ. ಇದು ನಿಜ.”

“ಹೂಂ,” ಎಂದ ಹೂಂಗುಟ್ಟಪ್ಪ. ಈ ಹೂಂ ಬೇರೆ ಥರ ಇತ್ತು.

“ಕಸ ಅಂತ ನಮ್ಮ ಕೈಲೇ ಹೇಳಿಸಿ, ಅಕ್ಕನ ಹೆಸರಲ್ಲಿ ಅಂಗಡಿಗೆ ಸಾಗಿಸೋದು, ಮೇಲೆ ನಮ್ಮಿಂದಲೇ ದುಡ್ಡೂ ಕೀಳೋದು. ಭೇಷ್!” ರಸಮಟ್ಟ ಎರಡೂ ಕೈ ಪೆಟ್ಟಿಗೆಯ ಮೇಲಿಟ್ಟರು. “ಗಡಿಯಾರ ನಮಗೇ ಇರಲಿ. ನಿಮ್ಮಕ್ಕ ಕೋಣೆ ಇಟ್ಕೊಳ್ಳಲಿ.”

ಬಾಯಿ ತೆರೆದೆ. ಬಾಗಿಲಲ್ಲಿ ಅಕ್ಕ, ಕೊರಳಲ್ಲಿ ಅಳತೆ ಟೇಪು. ಆದರೂ ಹೇಳಿದೆ—ಹೇಳಿದ್ದು ನಿಜ: “ಯೋಚನೆ ಮಾಡಿ. ಇದು ಕೂಡಿಕೆ. ಬರೆದು ಸಹಿ ಹಾಕಿಕೊಡ್ತೀನಿ.” ನಾನು ಹೇಳಿದಷ್ಟೂ ಅವರ ಹಿಡಿತ ಬಿಗಿಯಾಯಿತು.

ಬರೆದು ಸಹಿ ಹಾಕಿಕೊಟ್ಟೆ. ಮಡಚಿ ಜೇಬಿಗಿಟ್ಟರು, ಓದದೆ.

ಬಸ್ಸಿನಲ್ಲಿ ಕೂತು ಯೋಚಿಸಿದೆ. ಒಂದೊಂದು ಮಾತೂ ನಿಜ. ಆದರೆ ಆ ನಿಟ್ಟುಸಿರು... ಅದು ಕೊಳ್ಳುವಾಗ ಬಿಡುವ ನಿಟ್ಟುಸಿರೇ. ದಣಿವಿಗೆ ಬಂತೋ, ನಾನೇ ತಂದೆನೋ. ಇಷ್ಟು ವರ್ಷ ಬಳಸಿದ ಮೇಲೆ ಎರಡೂ ಒಂದೇ ಥರ ಕೇಳುತ್ತವೆ. ಹುಡುಕುವಷ್ಟು ಶಕ್ತಿಯಿಲ್ಲ. ಮಲಗುತ್ತೇನೆ.

ಮಾರ್ಚ್ 29

ಪತ್ರ ನೋಂದಣಿಯಾಯಿತು. ಹಿಂದಿನ ಎರಡು ಕೋಣೆ ಅಕ್ಕನ ಹೆಸರಿಗೆ. ವಕೀಲರು ಎರಡು ಸಲ ಓದಿ ಹೇಳಿದರು. ಎರಡನೆಯ ಸಲ ಅಕ್ಕ ಕಣ್ಣು ಒರೆಸಿಕೊಂಡಳು.

ಗಡಿಯಾರವನ್ನು ಹಾಸಿಗೆಯಲ್ಲಿ ಸುತ್ತಿ ಮುಂಭಾಗಕ್ಕೆ ಒಯ್ದರು. ನಾಲ್ಕು ಹೆಜ್ಜೆಯ ದಾರಿಗೆ ಹೂಂಗುಟ್ಟಪ್ಪ ಮುಂದೆ ನಡೆದು ಬಾಗಿಲು ಬಾಗಿಲಿಗೂ “ಹುಷಾರು, ಹುಷಾರು” ಎಂದ. ಅವನಿಂದ ಹೂಂ ಬಿಟ್ಟು ಬೇರೆ ಮಾತು ಕೇಳಿದ್ದು ಅದೇ ಮೊದಲು.

ಅಕ್ಕ ಖುಷಿಯಲ್ಲಿರುತ್ತಾಳೆ ಎಂದುಕೊಂಡಿದ್ದೆ.

“ನನ್ನೆದುರಿಗೇ ಅದನ್ನ ಫ್ರಿಜ್ಜು ಅಂದೆ,” ಎಂದಳು.

“ಫ್ರಿಜ್ಜಿನ ಬೆಲೆ ಅಂದೆ ಕಣೇ.”

“ವಾರವಾರ ಕೀ ಕೊಡೋ ದಿನ ಸ್ನಾನ ಮಾಡಿ ಬಂದು, ಮೊದಲು ಕೀ ಕೊಟ್ಟು, ಆಮೇಲೆ ತಲೆ ಬಾಚ್ಕೊಳ್ಳೋರು ನಿನ್ನ ಭಾವ. ಅದಕ್ಕೇನು ಬೆಲೆ ಕಟ್ಟಿದೆ?”

ಅದಕ್ಕೆ ಕಸುಬಿನಲ್ಲಿ ಕಾಲಮ್ಮಿಲ್ಲ. ಹರಿದ ಶರ್ಟು ಹೊಲಿಯಲು ಕೊಟ್ಟು ಬಂದೆ. ಕೂಲಿ ಎಷ್ಟು ಎಂದು ಕೇಳಿದ್ದಕ್ಕೆ ಉತ್ತರ ಬರಲಿಲ್ಲ.

ಏಪ್ರಿಲ್ 15

ಅಕ್ಕನ ಫೋನು. ಇಷ್ಟು ದಿನದ ಮೇಲೆ.

“ಅದು ನಡೀತಿಲ್ಲ.”

“ಯಾವುದು?”

“ಗೋಡೆಯಾಚೆಯಿಂದ ಸದ್ದಿಲ್ಲ. ಹೋಗಿ ನೋಡಿದೆ. ನಿನ್ನ ರಸಮಟ್ಟ ಅದನ್ನ ನೆಟ್ಟಗೆ ತೂಗುಹಾಕಿದಾರೆ. ಅದು ಅಡುಗೆಮನೆ ಕಡೆ ವಾಲಿರ್ಬೇಕು ಅಂತ ನಿಂಗೊತ್ತಲ್ಲ?”

ಗೊತ್ತು. ಬಿಚ್ಚಿದಾಗ ನೋಡಿದ್ದೆ, ಒಳಗೆ ಲೋಲಕವನ್ನು ತಳ್ಳುವ ತಂತಿಕಾಲು ಬಾಗಿದೆ. ನೇರ ನಿಲ್ಲಿಸಿದರೆ ಟಿಕ್ಕು ಒಂದು ಕಡೆ ಕುಂಟುತ್ತದೆ, ಎರಡು ನಿಮಿಷಕ್ಕೆ ನಿಲ್ಲುತ್ತದೆ. ಭಾವ ಅದನ್ನು ಕಿವಿಯಿಂದಲೇ ಸರಿ ಮಾಡಿ ವಾಲಿಸಿದ್ದರು.

“ಅವರದ್ದು ಈಗ. ನಿಂತರೆ ನಿಲ್ಲಲಿ ಬಿಡೆ.”

“ಅದೇನು ತಪ್ಪು ಮಾಡ್ತೋ, ಪಾಪ? ಹೋಗಿ ವಾಲಿಸಿ ಬಾ.”

ಏಪ್ರಿಲ್ 16

ಹೋದೆ. ಮುಂಭಾಗದ ಹಜಾರದಲ್ಲಿ ಸೋಫಾದ ಮೇಲ್ಗಡೆ, ಸೈನಿಕನಂತೆ ನೆಟ್ಟಗೆ. ಸತ್ತಿದೆ. ಲೋಲಕ ತಳ್ಳಿ, ಕಿವಿ ಹಚ್ಚಿ, ಕೆಳಗಿನ ಮೂಲೆ ಹಿಡಿದು ಕೂದಲೆಳೆಯಷ್ಟು ಎಳೆದೆ. ಇನ್ನೊಂದಿಷ್ಟು, ಮತ್ತೊಂದಿಷ್ಟು, ಮೊದಲಿನಷ್ಟೇ ವಾಲುವವರೆಗೆ. ಟಿಕ್ಕು ಟಾಕು ಸಮವಾಯಿತು.

ಗೋಡೆಯ ಆಚೆ ಹೊಲಿಗೆ ಮಷಿನ್ ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಶುರುವಾಯಿತು.

ರಸಮಟ್ಟ ವಾಲಿದ್ದನ್ನು ನೋಡಿ ಹಲ್ಲು ಕಚ್ಚಿದರು. “ಹೀಗೇ ಇರ್ಬೇಕಾ?”

“ಹೀಗೇ. ಕೈ ಹಾಕಿದ್ರೆ ನಿಲ್ಲುತ್ತೆ.”

ಬಾಗಿಲವರೆಗೆ ಬಂದು ದನಿ ತಗ್ಗಿಸಿದರು: “ಪಾಲು ಮುಗೀತು, ಪತ್ರ ಆಯ್ತು. ಈಗಲಾದ್ರೂ ನಿಜ ಹೇಳಿ. ಎಷ್ಟು ಬಾಳುತ್ತೆ?”

“ಅವತ್ತು ಹೇಳಿದಷ್ಟೇ. ಫ್ರಿಜ್ಜು.”

ಬೆನ್ನು ತಟ್ಟಿ ನಕ್ಕರು, ಕಣ್ಣಲ್ಲಿ ನೀರು ಬರುವವರೆಗೆ. “ಇನ್ನೂ ಆಸೆ ಬಿಟ್ಟಿಲ್ಲ ನೋಡು ಇವರು!”

ಒಳಗಿನಿಂದ ತಮ್ಮನ ಹೂಂ.

ಏಪ್ರಿಲ್ 22

ಕೀ ಕೊಟ್ಟಾಯಿತು. ಗಿರಾಕಿ ಇಲ್ಲ. ಲೆಕ್ಕ ಮುಗಿಸಿಬಿಡೋಣ.

ರಸಮಟ್ಟರಿಗೆ: ವಾಲಿದ ಗಡಿಯಾರ. ನನ್ನನ್ನು ಗೆದ್ದ ಸಂತೋಷ, ಜೀವಮಾನಕ್ಕಾಗುವಷ್ಟು. ದಿನಾ ಅದನ್ನು ನೋಡುತ್ತ ಕೈ ಕಟ್ಟಿ ಕೂರುವ ಶಿಕ್ಷೆ.

ಹೂಂಗುಟ್ಟಪ್ಪನಿಗೆ: ಮಾರಿದಾಗ ಅರ್ಧ. ಅಣ್ಣ ಮಾರುವುದಿಲ್ಲ.

ಭಾವನಿಗೆ: ಗಡಿಯಾರ ನಡೆಯುತ್ತಿದೆ.

ಅಕ್ಕನಿಗೆ: ಎರಡು ಕೋಣೆ, ಪತ್ರ ಸಮೇತ. ಗೋಡೆಯಾಚೆಯಿಂದ ಗಂಟೆಯ ಸದ್ದು. ಈಚೆ ಗೋಡೆಯಲ್ಲಿ ಸುಣ್ಣ ಮಾಸದ ಒಂದು ಗುರುತು, ಅದೂ ಅಡುಗೆಮನೆ ಕಡೆಗೆ ವಾಲಿದೆ. ಅಂಗಡಿಯಿಂದ ಬೇರೆ ಗಡಿಯಾರ ತರಲೇ ಎಂದು ನಿನ್ನೆ ಕೇಳಿದೆ. ಬೇಡ ಎಂದಳು. ಆ ಮೊಳೆಗೆ ಈಗ ಅಳತೆ ಟೇಪು ತೂಗುತ್ತಿದೆ.

ನನಗೆ: ಶರ್ಟು ವಾಪಸ್. ಕಾಲರ್ ತಿರುಗಿಸಿ ಹೊಲಿದಿದ್ದಾಳೆ, ಹರಿದದ್ದೇ ಗೊತ್ತಾಗುವುದಿಲ್ಲ. ಕೂಲಿ ಕೇಳಿದ್ದಕ್ಕೆ ಈ ಸಲ ಉತ್ತರ ಕೊಟ್ಟಳು. ನನ್ನ ಥರವೇ ನಿಟ್ಟುಸಿರು ಬಿಟ್ಟು, ಬಟ್ಟೆ ತಟ್ಟಿ, ತಲೆಯಾಡಿಸಿ: “ಒಂದು ಫ್ರಿಜ್ಜು.”