ಗೋಲ್‌ಕೀಪರ್ ಕೂಗುವ ‘ಬಿಡು’

ಮರುಮಳೆ ೧೪೧ನೇ ವರ್ಷ, ಹದಿಮೂರನೇ ತಿಂಗಳು, ಮೂವತ್ತೆರಡನೇ ತಾರೀಖು
ಕೋಲಾರ ಚಿನ್ನದ ಗಣಿ, ದಿಬ್ಬದ ಕೆಳಗಿನ ಮೈದಾನ

ಮರಿಮಗಳೇ,

ತಾರೀಖು ನೋಡಿ ಮುತ್ತಜ್ಜಿಗೆ ಅರಳುಮರಳು ಎಂದುಕೊಳ್ಳಬೇಡ. ನಿಂತೇ ಹೋಗಿದ್ದ ಮಳೆ ಮತ್ತೆ ಬಂದ ವರ್ಷದಿಂದ ನಮ್ಮ ಕಾಲದವರು ಲೆಕ್ಕ ಹಿಡಿಯುತ್ತೇವೆ. ಬೇಸಿಗೆ ಹನ್ನೆರಡು ತಿಂಗಳಲ್ಲಿ ಮುಗಿಯದೆ ಇನ್ನೊಂದನ್ನು, ತಿಂಗಳ ಕೊನೆಗೆ ಇನ್ನೆರಡು ದಿನಗಳನ್ನು ಸೇರಿಸಿಕೊಂಡಿದ್ದೇವೆ. ನನ್ನ ಕನ್ನಡ ನಿನಗೆ ಹಳಸಲು ಎನಿಸಬಹುದು, ಕೆಲವು ಮಾತುಗಳು ನಿನ್ನ ಕಾಲಕ್ಕೆ ಸತ್ತೇ ಹೋಗಿರಬಹುದು, ಕ್ಷಮಿಸು. ಇದಕ್ಕಿಂತ ವಿಚಿತ್ರವೆಂದರೆ ನೀನಿನ್ನೂ ಹುಟ್ಟಿಲ್ಲ. ಮದುವೆಯ ಮಾತೆತ್ತಿದರೆ ನನ್ನ ಮಗಳು ತಟ್ಟೆ ಬಿಟ್ಟು ಎದ್ದು ಹೋಗುತ್ತಾಳೆ. ಆದರೂ ನಿನಗೇ ಬರೆಯಬೇಕಾಗಿದೆ, ಏಕೆಂದರೆ ನನ್ನ ವಿಷಯದಲ್ಲಿ ಕೊನೆಯ ಮಾತು ಹೇಳುವವಳು ನೀನು.

ನನ್ನ ಹೆಸರು ಮುನಿಲಕ್ಷ್ಮಿ. ಇಲ್ಲಿನ ಫುಟ್‌ಬಾಲ್ ತಂಡದ ಗೋಲ್‌ಕೀಪರ್, ಅದೇ ನನ್ನ ಹೊಟ್ಟೆಪಾಡು. ಹೊತ್ತೇರಿದರೆ ಹೊರಗೆ ನಿಲ್ಲಲಾಗದು, ಹಾಗಾಗಿ ಪಂದ್ಯಗಳೆಲ್ಲ ಬೆಳಗಿನ ತಂಪಿನಲ್ಲೇ ಮುಗಿಯಬೇಕು. ಮೈದಾನದ ಮೇಲೆ ನೆರಳುಬಲೆ ಕಟ್ಟಿರುತ್ತದೆ. ಬಿಸಿಲನ್ನು ಸೋಸಿ ಕೆಳಗಿಳಿಸುವ ಬಟ್ಟೆ ಅದು. ಪಕ್ಕದಲ್ಲೇ ಹಿಂದಿನವರು ಗಣಿಯಿಂದ ತೆಗೆದು ಸುರಿದ ಮಣ್ಣಿನ ದಿಬ್ಬವಿದೆ. ಗಾಳಿ ಎದ್ದರೆ ಅದರ ಪುಡಿ ಹಲ್ಲಿನ ಸಂದಿಗೂ ಹೋಗುತ್ತದೆ, ಇಷ್ಟು ವರ್ಷದಲ್ಲಿ ನಾನು ತಿಂದ ಮಣ್ಣಿನಲ್ಲಿ ಒಂದು ಕೋಣೆ ಕಟ್ಟಬಹುದಿತ್ತು. ಪಂದ್ಯ ಮುಗಿದ ಮೇಲೆ ಎಲ್ಲರೂ ಒಂದೇ ಸಾಲಿನಲ್ಲಿ ಕೂತು ರಾಗಿ ಅಂಬಲಿ ಕುಡಿಯುತ್ತೇವೆ. ಗೋಲು ಹೊಡೆದವಳ ಬೆನ್ನು ತಟ್ಟುತ್ತಾರೆ, ಗೋಲು ತಡೆದವಳ ಕಡೆಗೆ ಲೋಟ ತಳ್ಳುತ್ತಾರೆ. ಅದೊಂದು ನಿನ್ನ ಕಾಲದಲ್ಲೂ ಬದಲಾಗಿರುವುದಿಲ್ಲ ಬಿಡು.

ಈಗ ಮೈನೆನಪಿನ ವಿಷಯ ಹೇಳಬೇಕು. ಜರ್ಸಿಯ ಒಳಗೆ ತೊಡುವ ತೆಳ್ಳನೆಯ ಅಂಗಿ ಅದು. ಹಿಂದಿನ ಕೀಪರೊಬ್ಬಳ ಮೈ ಯಾವ ಹೊಡೆತಕ್ಕೆ ಯಾವ ಕಡೆ ನೆಗೆಯುತ್ತಿತ್ತು ಎಂಬುದೆಲ್ಲ ಅದರಲ್ಲಿ ತುಂಬಿರುತ್ತದೆ. ತೊಟ್ಟರೆ ಕಣ್ಣು ನೋಡುವ ಮೊದಲೇ ಮೈ ಹೊರಟಿರುತ್ತದೆ. ಮುಂದೆ ಆಡುವವರಿಗೆ ಇದನ್ನು ತೊಡಿಸುವುದಿಲ್ಲ, ಅವರ ಆಟ ದಿನಕ್ಕೊಂದು ರೀತಿ. ಕೀಪರ್ ಮಾತ್ರ ಎಂದೆಂದಿಗೂ ಅದೇ ಎರಡು ಕಂಬಗಳ ನಡುವೆ ನಿಲ್ಲುವವಳಲ್ಲವೇ, ಅವಳ ಮೈ ಎಷ್ಟು ಸಲ ಬೇಕಾದರೂ ಉಪಯೋಗಕ್ಕೆ ಬರುತ್ತದೆ. ನನಗೆ ಸಿಕ್ಕಿದ್ದು ಆರೋಗ್ಯಮೇರಿ ಎಂಬವಳ ಮೈ. ನಾನು ಹುಟ್ಟುವ ಮೊದಲೇ ತೀರಿಕೊಂಡಿದ್ದಳು. ಕೈ ಪಳಗಿದ್ದಾಗಲೇ ನೆನಪು ತೆಗೆಯಬೇಕೆಂದು ಅವಳ ಕೊನೆಯ ಸೀಸನ್ನಿನಲ್ಲಿ ತೆಗೆದಿದ್ದರು.

ಅಂಗಿ ತೊಡುವ ಮೊದಲು, ಚೆಂಡು ಹಿಡಿಯಲು ಮುಂದೆ ಬರುವಾಗ ನಾನು ‘ನಂದು’ ಎಂದು ಕೂಗುತ್ತಿದ್ದೆ. ತೊಟ್ಟ ಮೇಲೆ ಬಾಯಿಂದ ‘ಬಿಡು’ ಎಂದು ಬರತೊಡಗಿತು. ಕೋಚ್ ದೊರೆಸ್ವಾಮಿಯವರಿಗೆ ಬಹಳ ಸಂತೋಷ. ಡಿಫೆಂಡರುಗಳಿಗೆ ‘ಚೆಂಡು ಬಿಡು, ನಾನು ನೋಡಿಕೊಳ್ಳುತ್ತೇನೆ’ ಎಂದು ಇದಕ್ಕಿಂತ ಚೊಕ್ಕವಾಗಿ ಹೇಳಲಾಗದು ಎಂದರು. ಜನರೂ ಅದನ್ನೇ ಹಿಡಿದುಕೊಂಡರು. ನಾನು ಮೈದಾನಕ್ಕಿಳಿದರೆ ಸಾಕು, ‘ಬಿಡು, ಬಿಡು’ ಎಂದು ಇಡೀ ಗ್ಯಾಲರಿ ಚಪ್ಪಾಳೆ ತಟ್ಟುತ್ತಿತ್ತು. ನಾನೂ ಪೆದ್ದಿಯ ಹಾಗೆ ಕೈ ಬೀಸುತ್ತಿದ್ದೆ.

ಒಂದು ಪಂದ್ಯದಲ್ಲಿ ಆಟವೆಲ್ಲ ಎದುರಾಳಿಗಳ ಗೋಲಿನ ಹತ್ತಿರ ನಡೆದಿತ್ತು. ನಮ್ಮ ಕಡೆ ನಾನು ಮತ್ತು ಡಿಫೆಂಡರ್ ವೆಂಕಟಲಚ್ಚಿ ಸುಮ್ಮನೆ ನಿಂತಿದ್ದೆವು. ನನ್ನ ಬಾಯಿ ತಾನಾಗಿ ಕೂಗಿತು. ಅವಳು ತಿರುಗಿ ನೋಡಿ, “ಅಕ್ಕಾ, ನನ್ನ ಹತ್ರ ಬಾಲೇ ಇಲ್ವಲ್ಲ, ನಾನೇನು ಬಿಡ್ಲಿ?” ಎಂದಳು.

ತಮಾಷೆಗೆ ಹೇಳಿದ್ದು ಅವಳು. ನನಗೆ ಮಾತ್ರ ಆ ಕೂಗಿನ ಅರ್ಥ ಆಗ ಹೊಳೆಯಿತು. ಆರೋಗ್ಯಮೇರಿ ಡಿಫೆಂಡರಿಗೆ ಹೇಳುತ್ತಿರಲಿಲ್ಲ. ನನ್ನನ್ನು ಬಿಡು ಎನ್ನುತ್ತಿದ್ದಳು. ಕೈಯ ಜಾಣತನ ತೆಗೆದವರು ಅದರ ಜೊತೆಗೆ ಬಂದ ದಣಿವನ್ನು ಸೋಸಿರಲಿಲ್ಲ. ಸತ್ತ ಮೇಲೂ ಆ ಹೆಂಗಸು ದಿನಾ ಬೆಳಿಗ್ಗೆ ಎದ್ದು ಎಡಕ್ಕೂ ಬಲಕ್ಕೂ ಬೀಳುತ್ತಿದ್ದಳು, ಸಾಕು ಎಂದು ಕೂಗುತ್ತಿದ್ದಳು, ನಾವು ಚಪ್ಪಾಳೆ ತಟ್ಟುತ್ತಿದ್ದೆವು. ಅಂದಿನಿಂದ ನನಗೆ ಆಟದಲ್ಲಿ ಸುಖ ಎನ್ನುವುದು ಉಳಿಯಲಿಲ್ಲ. ನನ್ನದಲ್ಲದ ಭುಜದ ನೋವು ನನ್ನ ಭುಜದಲ್ಲಿದೆ. ನನ್ನದೂ ಒಂದಿದೆ, ಎರಡೂ ಈಗ ಬೆರೆತು ಹೋಗಿವೆ.

ಒಮ್ಮೆ ಆ ಅಂಗಿ ರಿಪೇರಿಗೆ ಹೋಗಿತ್ತು. ಬರಿಮೈಯ ಮೇಲೆ ಜರ್ಸಿ ಹಾಕಿಕೊಂಡು ಆಡಿದೆ. ಮೂರು ಗೋಲು ಬಿಟ್ಟುಕೊಟ್ಟೆ. ಗ್ಯಾಲರಿ ಬಾಯಿಗೆ ಬಂದಂತೆ ಬೈದಿತು. ಆದರೆ ಅಂದು ನಾನು ‘ನಂದು’ ಎಂದು ಕೂಗಿದ್ದೆ, ಬಿದ್ದಾಗ ಬಿದ್ದವಳು ನಾನೇ ಆಗಿದ್ದೆ. ಅಷ್ಟು ಚೆನ್ನಾಗಿ ನಿದ್ದೆ ಮಾಡಿದ ರಾತ್ರಿ ಇನ್ನೊಂದಿಲ್ಲ.

ಇದು ನನ್ನ ಕೊನೆಯ ಸೀಸನ್. ಬರುವ ವಾರ ನನ್ನ ಮೈನೆನಪು ತೆಗೆಯುತ್ತಾರೆ. ಬೇಡವೆನ್ನುವಂತಿಲ್ಲ, ಕೆಲಸಕ್ಕೆ ಸೇರುವ ದಿನವೇ ಎಲ್ಲರೂ ಒಪ್ಪಿರುತ್ತೇವೆ. ಹಳೆಯ ಅಂಗಿಯನ್ನು ಸುಟ್ಟುಬಿಡುತ್ತಾರಂತೆ, ಏಕೆಂದರೆ ಆರೋಗ್ಯಮೇರಿಯದೆಲ್ಲ ನನ್ನ ಮೈಗೆ ಇಳಿದು ನನ್ನದರೊಳಗೇ ಇದೆ. ನಿಯಮದ ಪ್ರಕಾರ ಮೂರನೇ ತಲೆಮಾರಿನವರನ್ನು ಒಂದೇ ಒಂದು ಸಲ ಕರೆದು ಕೇಳುತ್ತಾರೆ, ಇಟ್ಟುಕೊಳ್ಳೋಣವೇ ಎಂದು. ಬೇಡವೆಂದರೆ ಅಳಿಸಿಬಿಡುತ್ತಾರೆ. ಹೌದೆಂದರೆ ಅಲ್ಲಿಗೆ ಮುಗಿಯಿತು, ಮತ್ತೆ ಯಾರನ್ನೂ ಕೇಳುವುದಿಲ್ಲ. ಆರೋಗ್ಯಮೇರಿಗೆ ಹಿಂದೆ ಮುಂದೆ ಯಾರೂ ಇರಲಿಲ್ಲ, ಹಾಗಾಗಿ ಕೇಳಲೇ ಇಲ್ಲ. ಈಗ ಅವಳಿಗೂ ನೀನೇ ಮರಿಮಗಳು.

ನಿನ್ನನ್ನು ಕರೆದು ಒಳ್ಳೆಯ ಕುರ್ಚಿಯಲ್ಲಿ ಕೂರಿಸುತ್ತಾರೆ. ನಾನು ತಡೆದ ಪೆನಾಲ್ಟಿಗಳನ್ನು ತೋರಿಸುತ್ತಾರೆ, ಮುತ್ತಜ್ಜಿಯ ಹೆಸರು ಉಳಿಯುತ್ತದೆ ಎನ್ನುತ್ತಾರೆ. ಆ ಹಾರಾಟ ನೋಡಿದರೆ ನಿನಗೆ ಹೆಮ್ಮೆಯಾದೀತು, ಆಗಲಿ. ಆದರೆ ಹೂಂ ಎನ್ನಬೇಡ, ಮಗಳೇ. ನನಗೆ ಬಹಳ ಸುಸ್ತಾಗಿದೆ. ಸತ್ತ ಮೇಲಾದರೂ ಮಲಗಬೇಕು, ಅವಳನ್ನೂ ಪಕ್ಕದಲ್ಲಿ ಮಲಗಿಸಬೇಕು.

ಉತ್ತರ ಕೊಡುವ ಮೊದಲು ಒಂದು ಬೆಳಿಗ್ಗೆ ಮೈದಾನಕ್ಕೆ ಹೋಗಿ ಗೋಲಿನ ಹಿಂದೆ ನಿಂತುಕೋ. ಚೆಂಡು ಆ ಕಡೆ ಇರುವಾಗ, ಹತ್ತಿರ ಯಾರೂ ಇಲ್ಲದಾಗ, ನಮ್ಮಿಬ್ಬರ ಮೈನೆನಪು ತೊಟ್ಟ ಕೀಪರ್ ಹುಡುಗಿ ‘ಬಿಡು’ ಎಂದು ಕೂಗುತ್ತಾಳೆ. ಅವಳು ಕರೆಯುತ್ತಿರುವುದು ನಿನ್ನನ್ನು.

ನಿನ್ನ ಮುತ್ತಜ್ಜಿ,
ಮುನಿಲಕ್ಷ್ಮಿ